ತೊಂಬತ್ತೇಳನೆಯ ವಾರಸುದಾರ

ಯಲ್ಲಕ್ಕ ಬಂದಾಗ ನಾನು ಜಿನ್ನವ್ವ ಅಕ್ಕೋರ ಮನೆಯ ಕಟ್ಟೆಯ ಮೇಲೆ ಕುಳಿತು ಕಂಪ್ಯೂಟರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಅದು ಎರಡು ಸಾವಿರದ ಮೂರನೆಯ ಇಸವಿಯ ಮಾರ್ಚ್ ತಿಂಗಳು, ಬುಧವಾರ. ಸಂಕೇಶ್ವರದ ಹಿರಣ್ಯಕೇಶಿ ಕಾಲನಿಯ ನಿವಾಸಿಗಳ ಸಂಘಕ್ಕೆ ನಾನು, ಅಂದರೆ ಗೊಮ್ಮಟೇಶ, ಕಾರ್ಯದರ್ಶಿ. ಬೈಸಿಕೊಳ್ಳುವುದಕ್ಕೆಂದೇ ಅವಿರೋಧವಾಗಿ ಆರಿಸಿದ ಮನುಷ್ಯ ಎಂದರೂ ನಡೆದೀತು.

ಇಪ್ಪತ್ತಾರು ವರ್ಷ ಕೈಯಲ್ಲಿ ಬರೆದ ವಹಿಗಳನ್ನೆಲ್ಲ ಕೊಲ್ಹಾಪುರದಿಂದ ತಂದ ಹೊಸ ಸಾಫ್ಟ್‌ವೇರಿಗೆ ಹಾಕಿಸಿ ಹದಿನೈದು ದಿನವಾಗಿತ್ತು. ಆ ಹದಿನೈದು ದಿನಗಳಲ್ಲಿ ನನ್ನ ಅಂಗಡಿಗೆ ಗೊಬ್ಬರ ಕೇಳಿ ಬಂದವರಿಗಿಂತ ಕಂಪ್ಯೂಟರಿನ ತಪ್ಪು ಹಿಡಿದುಕೊಂಡು ಬಂದವರೇ ಹೆಚ್ಚು. ಒಬ್ಬರ ಹೆಸರಿನಲ್ಲಿ ಅಕ್ಷರ ಹಾರಿಹೋಗಿತ್ತು, ಇನ್ನೊಬ್ಬ ಗಂಡಸು ಹೆಂಗಸರ ಪಟ್ಟಿಯಲ್ಲಿ ಕುಳಿತಿದ್ದ. ಈ ಯಂತ್ರವನ್ನು ಹಟ ಹಿಡಿದು ತರಿಸಿದ ಅಧ್ಯಕ್ಷ ಭೂಪಾಲ ಕಾಕಾ ಕೂಡ ನನ್ನನ್ನು ಬಿಟ್ಟಿರಲಿಲ್ಲ. ಕಂಪ್ಯೂಟರು ತಮ್ಮನ್ನು ಒಂದನೆಯ ನಂಬರಿನ ಸದಸ್ಯ ಎಂದು ತೋರಿಸಿದ್ದಕ್ಕೆ ಅವರಿಗೆ ಬಹಳ ಹಿಗ್ಗು. ಆದರೆ ವಾರಸುದಾರರ ಜಾಗ ಮಾತ್ರ ಖಾಲಿ ಬಂದಿತ್ತು. ಹೆಂಡತಿಯ ಹೆಸರು ಬರೆಸಿದ್ದೆ, ಎಲ್ಲಿ ಹೋಯಿತು ಎಂದು ದಿನಕ್ಕೆರಡು ಸಲ ಬಂದು ನನ್ನ ತಲೆ ತಿನ್ನುತ್ತಿದ್ದರು.

ಜಿನ್ನವ್ವ ಅಕ್ಕೋರು ಬೇಳೆ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೂವತ್ತನಾಲ್ಕು ವರ್ಷ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನಗೂ ಕಲಿಸಿದ್ದಾರೆ, ಈಗ ಬಾಜೂ ಮನೆಯವರು. ಕಾಲನಿಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಜನ ಅವರ ಕಟ್ಟೆಗೆ ಬರುತ್ತಿದ್ದರು.

ಯಲ್ಲಕ್ಕ ನಿಂತೇ ಮಾತಾಡಿದಳು. ಆಕೆಯ ಗಂಡ ಪರಸಪ್ಪ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಮಕ್ಕಳಿಲ್ಲ. ಬಾಜೂ ಪ್ಲಾಟಿನಲ್ಲಿ ಪರಸಪ್ಪನ ಅಣ್ಣ ರಾಜಪ್ಪನ ಮನೆ. ನಮ್ಮ ಕಾಲನಿಯ ಜಾಗಗಳೆಲ್ಲ ಇನ್ನೂ ಸಂಘದ ಹೆಸರಿನಲ್ಲೇ ಇರುವುದರಿಂದ, ಸದಸ್ಯ ತೀರಿಕೊಂಡರೆ ಅವನು ವಾರಸುದಾರರ ವಹಿಯಲ್ಲಿ ಯಾರ ಹೆಸರು ಬರೆಸಿದ್ದಾನೋ ಅವರಿಗೆ ಮನೆ ಹೋಗುತ್ತದೆ. ಸೋಮವಾರ ರಾಜಪ್ಪನ ಮಗ ಶಿವಾನಂದ ಬಂದು ಸಂಘದ ಕಚೇರಿಯ ಕಿಟಕಿಯಲ್ಲೇ ಪ್ರಿಂಟು ಕೇಳಿ ಒಯ್ದಿದ್ದ. ಪರಸಪ್ಪನ ವಾರಸುದಾರ ಎಂಬಲ್ಲಿ ಕಂಪ್ಯೂಟರು ಅದೇ ಶಿವಾನಂದನ ಹೆಸರು ಅಚ್ಚು ಹಾಕಿತ್ತು. ರಾಜಪ್ಪ ಹುಕ್ಕೇರಿಗೆ ಹೋಗಿ ವಕೀಲರಿಗೂ ತೋರಿಸಿಕೊಂಡು ಬಂದಿದ್ದ. ಭಾನುವಾರದ ಸಭೆಯಲ್ಲಿ ಠರಾವು ಆಗಬೇಕು, ಸೋಮವಾರ ಯಲ್ಲಕ್ಕ ಮನೆ ಖಾಲಿ ಮಾಡಬೇಕು.

"ನನ್ನ ಮುಂದ ಹೆಬ್ಬಟ್ಟ ಒತ್ಯಾನ್ರೀ ಅಂವ," ಎಂದಳು ಯಲ್ಲಕ್ಕ. "ನಂದ ಹೆಸರ ಹೇಳಿ ಒತ್ಯಾನ. ಆ ಮಿಶನ್ನಿಗೆ ನನ್ನ ಗಂಡ ಯಾವಾಗ ಬೇರೆ ಹೇಳ್ಯಾನ?"

ವಹಿ ತೆಗೆದು ನೋಡಿದರೆ ಮುಗಿಯುವ ಮಾತು. ಆದರೆ ಮಂಗಳವಾರ ಮುಂಜಾನೆ ನಾನು ತಿಜೋರಿ ತೆಗೆದಾಗ ಸದಸ್ಯರ ವಹಿ ಇತ್ತು, ವಾರಸುದಾರರ ವಹಿ ಇರಲಿಲ್ಲ. ತಿಜೋರಿಗೆ ಎರಡು ಕೀಲಿಕೈ. ಒಂದು ನನ್ನದು, ಇನ್ನೊಂದು ಇಪ್ಪತ್ತಾರು ವರ್ಷದಿಂದ ಆ ವಹಿಗಳನ್ನು ಬರೆದ ಗುಮಾಸ್ತ ದುರ್ಗಪ್ಪನ ಉಡದಾರದಲ್ಲಿ. ನನ್ನ ಕೀಲಿಕೈಯನ್ನು ಸೋಮವಾರ ಸಂಜೆ ಭೂಪಾಲ ಕಾಕಾ ಸಭೆಯ ಶಾಲು, ತೆಂಗಿನಕಾಯಿ ಇಡಲು ಒಯ್ದು ಮರುದಿನ ಬೆಳಿಗ್ಗೆ ತಂದುಕೊಟ್ಟಿದ್ದರು. ಕಂಪ್ಯೂಟರೇ ಬೇಡ ಎಂದು ಮೊದಲಿನಿಂದ ಗೊಣಗುತ್ತಿದ್ದವನು ದುರ್ಗಪ್ಪ ಒಬ್ಬನೇ. ಹೀಗಾಗಿ ಹೊಟ್ಟೆಕಿಚ್ಚಿಗೆ ಅವನೇ ವಹಿ ಅಡಗಿಸಿದ್ದಾನೆ ಎಂದು ತೀರ್ಮಾನವಾಗಿ, ಬರುವ ಸೋಮವಾರದಿಂದ ಕೆಲಸಕ್ಕೆ ಬರಬೇಡ ಎಂದು ಕಾಕಾ ಹೇಳಿಯೂ ಆಗಿತ್ತು.

ಅಕ್ಕೋರು ಬೇಳೆಯ ಮೊರ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

ಸಂಘದ ಕಚೇರಿ ಎಂದರೆ ನೀರಿನ ಟಾಕಿಯ ಕೆಳಗಿನ ಒಂದು ಕೋಣೆ. ಬಾಗಿಲಲ್ಲಿ ದುರ್ಗಪ್ಪ ಮುಖ ಊದಿಸಿಕೊಂಡು ಕುಳಿತಿದ್ದ. ಹಗಲೆಲ್ಲ ಅಲ್ಲೇ ಕೂರುವ, ರಾತ್ರಿ ಅಲ್ಲೇ ಪಡಸಾಲೆಯಲ್ಲಿ ಮಲಗುವ ಮನುಷ್ಯ. ಕೆಂಪು ಬಟ್ಟೆಯ ರಟ್ಟಿನ ಆ ವಹಿ ಒಂದು ಮೊಳ ಉದ್ದ, ತೋಳ ತುಂಬ ಭಾರ. ಅದನ್ನು ಯಾರೂ ತನ್ನೆದುರು ಹೊತ್ತೊಯ್ದಿಲ್ಲ ಎಂದು ಆಣೆ ಮಾಡಿದ. ಅವನ ಈ ಮಾತು ಅವನಿಗೇ ಮುಳುವಾಗುತ್ತದೆಂದು ನನಗನ್ನಿಸಿ ಇನ್ನಷ್ಟು ಬೇಸರವಾಯಿತು.

ಅಕ್ಕೋರು ಉಳಿದಿದ್ದ ಸದಸ್ಯರ ವಹಿ ತೆಗೆಸಿದರು. ಮೊದಲ ಪುಟ ನೋಡಿದರು. ದುರ್ಗಪ್ಪ ಹೊಸ ವಹಿ ಹಿಡಿದಾಗಲೆಲ್ಲ ಮಾಡುವಂತೆ ಮೊದಲ ಸಾಲಿನಲ್ಲಿ ದೇವರ ಹೆಸರು ದಪ್ಪ ಅಕ್ಷರದಲ್ಲಿ ಇತ್ತು, ಎರಡೂ ಬದಿಗೆ ಅರಿಶಿನ ಕುಂಕುಮ. ಆಮೇಲೆ ಕೊನೆಯ ಪುಟ ತಿರುವಿ ತಮ್ಮದೇ ಹೆಸರು ಹುಡುಕಿದರು. ಕಾಲನಿಯ ಕಟ್ಟಕಡೆಯ ಮನೆ ಅವರದು.

"ಗೊಮ್ಮಟೇಶ, ನಮ್ಮ ಕಾಲನ್ಯಾಗ ಎಷ್ಟ ಮನಿ ಅದಾವೋ?"

ತೊಂಬತ್ತಾರು ಎಂದೆ. ಅವರು ವಹಿ ಮುಚ್ಚಿದರು. ಕಂಪ್ಯೂಟರಿನ ಎದುರು ಯಮಕನಮರಡಿಯಿಂದ ದಿನಾ ಬಸ್ಸಿನಲ್ಲಿ ಬರುವ ರೂಪಾಲಿ ಕುಳಿತಿದ್ದಳು; ವಹಿಗಳನ್ನೆಲ್ಲ ಟೈಪು ಮಾಡಿದ್ದವಳು ಅವಳೇ. ಹೆಸರು ಹಾಕುತ್ತ ಹೋದಂತೆ ಸದಸ್ಯರ ನಂಬರನ್ನು ಸಾಫ್ಟ್‌ವೇರು ತಾನೇ ಕೊಡುತ್ತದೆ, ವಾರಸುದಾರರನ್ನು ಮಾತ್ರ ವಹಿಯಲ್ಲಿದ್ದ ನಂಬರು ನೋಡಿ ಸೇರಿಸಿದೆ ಎಂದು ಅವಳು ವಿವರಿಸಿದಳು. ಏನಾದರೂ ತೊಡಕು ಬಂತೇ ಎಂದು ಅಕ್ಕೋರು ಕೇಳಿದರು.

"ಕಡೀಕ ಒಂದ ಹೆಸರ ಉಳೀತ್ರಿ," ಎಂದಳು ರೂಪಾಲಿ. "ಆ ನಂಬರಿನ ಸದಸ್ಯರ ಇಲ್ಲಂತ ಕಂಪ್ಯೂಟರ ತೊಗೊಳ್ಳಿಲ್ಲ. ನಾ ಸೆಕ್ರೆಟರಿಯವರಿಗೆ ಹೇಳಿದ್ನಿ. ಬಿಡು ಅಂದ್ರು."

ಅಂದಿದ್ದೆ. ಇಪ್ಪತ್ತು ಜನ ಒಮ್ಮೆಲೇ ಕೂಗಾಡುವಾಗ ಮತ್ತೇನು ಅನ್ನಲಿ? ರೂಪಾಲಿ ಡ್ರಾವರಿನಿಂದ ಚೀಟಿ ತೆಗೆದುಕೊಟ್ಟಳು. ಅದರಲ್ಲಿ ಸೋನಾಲಿ ಎಂದು ಇತ್ತು. ಅಕ್ಕೋರು ಚೀಟಿ ನೋಡಿ, ಇದು ನನ್ನ ತಂಗಿಯ ಮಗಳು, ನನ್ನ ವಾರಸುದಾರಳು ಎಂದು ಹೇಳಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಹೊರಡುವಾಗ ಮೇಜಿನ ಕೆಳಗಿದ್ದ ಮಾನಿಟರಿನ ರಟ್ಟಿನ ಡಬ್ಬಿಗೆ ನನ್ನ ಕಾಲು ತಾಗಿತು. ಗ್ಯಾರಂಟಿ ಮುಗಿಯುವ ತನಕ ಅದನ್ನು ಎಸೆಯಕೂಡದು ಎಂದು ಭೂಪಾಲ ಕಾಕಾ ಅಪ್ಪಣೆ ಮಾಡಿದ್ದರು. ದಿನಾ ಒದ್ದರೆ ಸರಿದುಹೋಗುತ್ತಿದ್ದ ದರಿದ್ರ ಡಬ್ಬಿ ಅಂದು ಜಗ್ಗಲಿಲ್ಲ, ನನ್ನ ಕಿರುಬೆರಳು ಜಜ್ಜಿಹೋಯಿತು. ಆ ಡಬ್ಬಿಗೂ ಅದನ್ನು ಇಡಿಸಿದವರಿಗೂ ಸೇರಿಸಿ ಬೈದೆ. ಅಕ್ಕೋರು ಡಬ್ಬಿಯನ್ನೊಮ್ಮೆ, ನನ್ನ ಬೆರಳನ್ನೊಮ್ಮೆ ನೋಡಿದರು.

ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಭೂಪಾಲ ಈಗೂ ತನ್ನ ಖಾಲಿ ಜಾಗಾದ ಸಂಬಂಧ ಬರತಾನೇನ?"

ಇಲ್ಲ, ನಿನ್ನೆಯಿಂದ ಆ ಮಾತೇ ಎತ್ತಿಲ್ಲ, ಪೀಡೆ ತೊಲಗಿತು ಎಂದೆ. ಸರಿ ಮಾಡಿಕೊಟ್ಟೆಯಾ ಎಂದರು. ಎಲ್ಲಿಂದ ಸರಿ ಮಾಡಲಿ, ವಹಿಯೇ ಇಲ್ಲವಲ್ಲ ಎಂದೆ. ಅಕ್ಕೋರು ಮತ್ತೆ ಮಾತಾಡಲಿಲ್ಲ. ಅವರು ಹೀಗೆ ಸುಮ್ಮನಾದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಗೊತ್ತಾಗಿದೆ, ಹೇಳುವುದಿಲ್ಲ. ಸಾಲೆಯಲ್ಲೂ ಹೀಗೇ ಇದ್ದರು.

ಭಾನುವಾರ ನಾಲ್ಕಕ್ಕೆ ಕಚೇರಿಯಲ್ಲೇ ಸಭೆ. ಗೋಕಾಕದಿಂದ ನಾಲ್ವರು, ಮೂಡಲಗಿಯಿಂದ ಮೂವರು ಬಂದಿದ್ದರು; ತಮ್ಮ ಕಾಲನಿಗಳಿಗೂ ಇದೇ ಸಾಫ್ಟ್‌ವೇರು ಕೊಳ್ಳುವ ಮುಂಚೆ ನಮ್ಮದನ್ನು ನೋಡಿ ಹೋಗಲಿಕ್ಕೆ. ಭೂಪಾಲ ಕಾಕಾ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ ಹಾಕಿ, ನಮ್ಮಲ್ಲಿ ಇನ್ನು ಮೇಲೆ ತಪ್ಪು ಎಂಬ ಮಾತೇ ಇಲ್ಲ ಎಂದು ಅರ್ಧ ತಾಸು ಭಾಷಣ ಬಿಗಿದರು. ಯಲ್ಲಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಠರಾವು ಓದಲು ನಾನು ಎದ್ದಾಗ ಅಕ್ಕೋರೂ ಎದ್ದರು.

"ಮೊದಲ ನಂದೊಂದ ಮಾತ ಮುಗಸೂಣು. ಹೊತ್ತ ಮುಳುಗೂದರಾಗ ನನ್ನ ಊಟ ಆಗಬೇಕ."

ಅವರು ರೂಪಾಲಿಯಿಂದ ಕೆಲವು ಪ್ರಿಂಟು ತೆಗೆಸಿಟ್ಟುಕೊಂಡಿದ್ದರು. ಮೊದಲು ಕೆಂಪವ್ವನನ್ನು, ನಿನ್ನ ವಾರಸುದಾರರು ಯಾರು ಎಂದು ಕೇಳಿದರು. ತನ್ನ ಮಗ ಎಂದಳು ಕೆಂಪವ್ವ. ಪ್ರಿಂಟಿನಲ್ಲಿ ಇದ್ದದ್ದು ಭೂಪಾಲ ಕಾಕಾನ ಹೆಂಡತಿಯ ಹೆಸರು. ಕೆಂಪವ್ವನ ಬಾಜೂ ಮನೆಯ ನಾಗರತ್ನಾ ತನ್ನ ಗಂಡನ ಹೆಸರು ಹೇಳಿದಳು. ಪ್ರಿಂಟಿನಲ್ಲಿ ಇದ್ದದ್ದು ಕೆಂಪವ್ವನ ಮಗ. ಜನ ನಗತೊಡಗಿದರು. ಕೊನೆಯದಾಗಿ ಅಕ್ಕೋರು ತಮ್ಮದೇ ಹಾಳೆ ಎತ್ತಿ ತೋರಿಸಿದರು.

"ನನ್ನ ಮನಿ ಈ ಗೊಮ್ಮಟೇಶನ ಹೇಂತಿಗೆ ಹೊಕ್ಕೈತಂತ. ನಾ ಸಾಯೂದನ್ನ ಕಾಯಾಕತ್ತಿರೇನೋ?"

ನನ್ನ ಹೆಂಡತಿ ತಲೆ ತಗ್ಗಿಸಿದಳು, ನಾನೂ ತಗ್ಗಿಸಿದೆ. ಆಮೇಲೆ ಅಕ್ಕೋರು ಸಾಲೆಯಲ್ಲಿ ಲೆಕ್ಕ ಬಿಡಿಸಿದಂತೆ ಬಿಡಿಸಿದರು. ದುರ್ಗಪ್ಪನ ವಹಿಗಳಲ್ಲಿ ಒಂದನೆಯ ನಂಬರು ಸದಸ್ಯನದಲ್ಲ, ಮೊದಲ ಸಾಲಿನ ದೇವರು ಶ್ರೀ ಶಂಕರಲಿಂಗನದು. ಭೂಪಾಲ ಎರಡನೆಯವನು, ಅಕ್ಕೋರು ತೊಂಬತ್ತೇಳನೆಯವರು. ಮನೆ ತೊಂಬತ್ತಾರಾದರೂ ನಂಬರು ತೊಂಬತ್ತೇಳು. ಕಾಲನಿಯಲ್ಲಿ ಎಲ್ಲರಿಗೂ ಪ್ಲಾಟು ಗೊತ್ತು, ವಹಿಯ ನಂಬರು ಯಾರಿಗೂ ನೆನಪಿಲ್ಲ. ದೇವರನ್ನು ಏನು ಮಾಡಿದೆ ಎಂದು ರೂಪಾಲಿಯನ್ನು ಕೇಳಿದಾಗ ಅವಳು ಅಳುವ ದನಿಯಲ್ಲಿ ಹೇಳಿದಳು, "ಕಂಪ್ಯೂಟರ ಪ್ಲಾಟ್ ನಂಬರ ಕೇಳ್ತ್ರಿ. ದೇವರ ಪ್ಲಾಟ್ ಯಾವುದಂತ ಹಾಕ್ಲಿ? ಅದಕ್ಕ ಬಿಟ್ನಿ."

"ಮೊದಲನೇ ಸಾಲ ದೇವರದ ಇರ್ತೈತ್ರೀ," ಎಂದ ದುರ್ಗಪ್ಪ ಬಾಗಿಲಿನಿಂದ. "ನಂಬರ ಕೊಡದ ಬರದ್ರ ಛಂದ ಕಾಣ್ತೈತೇನ್ರಿ?"

ದೇವರು ಬಿಟ್ಟುಹೋದದ್ದರಿಂದ ಸದಸ್ಯರೆಲ್ಲ ಒಂದೊಂದು ನಂಬರು ಮೇಲೇರಿದ್ದರು. ವಾರಸುದಾರರು ಮಾತ್ರ ಹಳೆಯ ನಂಬರಿನಲ್ಲೇ ಉಳಿದರು. ಹೀಗಾಗಿ ಪ್ರತಿಯೊಬ್ಬರಿಗೂ ಹಿಂದಿನ ಮನೆಯವರ ವಾರಸುದಾರರು ಬಂದರು. ದೇವರಿಗೆ ವಾರಸುದಾರರಿಲ್ಲ, ಆದ್ದರಿಂದ ಭೂಪಾಲನ ಜಾಗ ಖಾಲಿ. ಕೊನೆಯ ಸೋನಾಲಿಗೆ ಸದಸ್ಯರೇ ಸಿಗಲಿಲ್ಲ. ವಹಿಯಲ್ಲಿ ರಾಜಪ್ಪನದು ನಲವತ್ಮೂರು, ಪರಸಪ್ಪನದು ನಲವತ್ನಾಲ್ಕು. ರಾಜಪ್ಪ ತನಗೆಂದು ಬರೆಸಿದ ಮಗನ ಹೆಸರು ತಮ್ಮನ ಹಾಳೆಗೆ ಬಂದು ಕುಳಿತಿತ್ತು. ಅಣ್ಣ ತಮ್ಮ ಬಾಜೂ ಬಾಜೂ ಇರದಿದ್ದರೆ ಯಾರೂ ನಂಬುತ್ತಿರಲಿಲ್ಲ.

ರಾಜಪ್ಪ ಸುಲಭಕ್ಕೆ ಬಿಡುವವನಲ್ಲ. "ವಹಿ ಎಲ್ಲೈತ್ರಿ? ವಹಿ ಇಲ್ಲಂದ್ರ ಇದು ಬರೇ ಮಾತು," ಎಂದ.

ಅಕ್ಕೋರು ನನ್ನತ್ತ ತಿರುಗಿ, ಮೇಜಿನ ಕೆಳಗಿನ ಡಬ್ಬಿ ಎತ್ತಿಕೊಂಡು ಬಾ ಎಂದರು. ಆಗ ನನ್ನ ಮಂದ ತಲೆಗೆ ಹೊಳೆಯಿತು. ಖಾಲಿ ಡಬ್ಬಿಗೆ ಅಷ್ಟು ಭಾರ ಎಲ್ಲಿಂದ ಬರಬೇಕು? ಥರ್ಮಾಕೋಲಿನ ನಡುವೆ ಕೆಂಪು ವಹಿ ಮಲಗಿತ್ತು. ಐದು ದಿನದಿಂದ ನಾನು ಅದಕ್ಕೆ ಕಾಲು ಚಾಚಿ ಕೂರುತ್ತಿದ್ದೆ.

ದುರ್ಗಪ್ಪನಿಗೆ ಕಂಪ್ಯೂಟರಿನ ಮೇಲೆ ಸಿಟ್ಟಿದ್ದರೆ ಎರಡೂ ವಹಿ ಒಯ್ಯುತ್ತಿದ್ದ, ಮತ್ತು ರಾತ್ರಿ ಒಬ್ಬನೇ ಇರುವವನಿಗೆ ಕೋಣೆಯೊಳಗೇ ಅಡಗಿಸುವ ಗರಜು ಇರಲಿಲ್ಲ ಎಂದರು ಅಕ್ಕೋರು. ಅವನ ಕಣ್ಣು ತಪ್ಪಿಸಿ ಹೊರಗೆ ಒಯ್ಯಲಾಗದವನು ಮಾತ್ರ ಒಳಗೆ ಅಡಗಿಸಿಯಾನು. ರಾಜಪ್ಪನ ಮನೆಯವರು ಕಿಟಕಿ ದಾಟಿ ಒಳಗೆ ಬಂದಿಲ್ಲ, ರೂಪಾಲಿಯ ಬಳಿ ಕೀಲಿಕೈ ಇಲ್ಲ. ನನ್ನ ಕೀಲಿಕೈ ಸೋಮವಾರ ಸಂಜೆ ಒಬ್ಬರ ಬಳಿ ಇತ್ತು. ದಿನಕ್ಕೆರಡು ಸಲ ತಮ್ಮ ಖಾಲಿ ಜಾಗ ಕೇಳಲು ಬರುತ್ತಿದ್ದ ಅವರು, ಅದು ತುಂಬದೆಯೇ ಮಂಗಳವಾರದಿಂದ ಕೇಳುವುದನ್ನು ಬಿಟ್ಟರು. ಕೇಳುವ ಅಗತ್ಯ ಇರಲಿಲ್ಲ, ಏಕೆಂದರೆ ಉತ್ತರ ಸಿಕ್ಕಿತ್ತು. ಶಾಲು ಇಡಲು ಹೋದವರು ವಹಿ ತೆರೆದು ನೋಡಿದ್ದರು.

ಎಲ್ಲರೂ ಬಿಳಿ ಟೊಪ್ಪಿಗೆಯತ್ತ ನೋಡಿದರು. ಭೂಪಾಲ ಕಾಕಾ ಗೋಕಾಕದವರ ಮುಖ ನೋಡಲಾರದೆ ಮೇಜಿನ ಬಟ್ಟೆ ಸರಿಮಾಡಿದರು. "ಗೋಕಾಕದ ಪಾವಣ್ಯಾರ ಬರಾವ್ರಿದ್ರು. ಇವತ್ತೊಂದ ದಿನಾ ದಾಟ್ಲಿ, ಆಮ್ಯಾಲ ಸಪ್ಪಳ ಇಲ್ಲದ ಸರಿ ಮಾಡಸೂಣು ಅಂದಿದ್ನಿ."

"ಇವತ್ತ ಠರಾವ ಆದಮ್ಯಾಲ ಯಲ್ಲಕ್ಕ ಎಲ್ಲಿ ಇರಬೇಕಿತ್ತು, ಭೂಪಾಲ?" ಎಂದು ಅಕ್ಕೋರು ಕೇಳಿದರು. "ದುರ್ಗಪ್ಪ ಎಲ್ಲಿ ಹೋಗಬೇಕಿತ್ತು? ಬುಧವಾರನ ತಗದಿದ್ರ ವಹಿ ಸಿಗತಿತ್ತು, ಇವನ ಮ್ಯಾಗಿನ ಕಳ್ಳತನದ ಹೆಸರ ಹೋಗತಿರಲಿಲ್ಲ. ಅದಕ್ಕ ಎಲ್ಲಾರ ಮುಂದ ತಗಸಿದ್ನಿ."

ಕಾಕಾ ಮೇಜು ಬಿಟ್ಟು ಬಾಗಿಲಿಗೆ ಬಂದರು. ದುರ್ಗಪ್ಪನ ಕೈ ಹಿಡಿದು, ನಾಳೆ ಎಂದಿನಂತೆ ಬಾ ಎಂದರು. ಬರುತ್ತೇನೆ, ಆದರೆ ಮೊದಲು ದೇವರನ್ನು ಕಂಪ್ಯೂಟರಿನಲ್ಲಿ ಹಾಕಿಸಿರಿ ಎಂದ ದುರ್ಗಪ್ಪ. ಆ ಕೆಲಸವೂ ನನ್ನ ತಲೆಗೇ ಬಂತು. ದೇವರಿಗೆ ಪ್ಲಾಟ್ ನಂಬರು ಸೊನ್ನೆ ಎಂದು ಕೊಟ್ಟು ಪಾರಾದೆ.

ನಾನು ನಲವತ್ನಾಲ್ಕನೆಯ ಸಾಲು ತೆರೆದೆ. ಹೆಂಡತಿ ಯಲ್ಲಕ್ಕ ಎಂದು ದುರ್ಗಪ್ಪನ ಅಕ್ಷರ, ಪಕ್ಕದಲ್ಲಿ ಪರಸಪ್ಪನ ಹೆಬ್ಬೆಟ್ಟಿನ ಗುರುತು. ಮಸಿ ಹೆಚ್ಚಾಗಿ ಒಂದು ಬದಿ ಹರಡಿತ್ತು. ಯಲ್ಲಕ್ಕ ಎದ್ದು ಬಂದಳು. ಓದಲು ಬಾರದ ಹೆಂಗಸು, ಅಕ್ಷರ ನೋಡಲಿಲ್ಲ. ಗಂಡನ ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ಬಹಳ ಹೊತ್ತು ನಿಂತಳು. ಇಷ್ಟು ದಿನದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಠರಾವಿನ ಹಾಳೆಯನ್ನು ನಾನೇ ಹರಿದೆ.

ರೂಪಾಲಿ ಅಲ್ಲೇ ಕುಳಿತು ಸದಸ್ಯರ ಜಾಗದಲ್ಲಿ ಯಲ್ಲಕ್ಕನ ಹೆಸರು ಹಾಕಿದಳು. ವಾರಸುದಾರರ ಜಾಗಕ್ಕೆ ಬಂದು ಕೈ ನಿಲ್ಲಿಸಿ, ಯಾರ ಹೆಸರು ಬರೆಯಲಿ ಎಂದು ಕೇಳಿದಳು. ರಾಜಪ್ಪ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದವನು ನಿಂತ.

"ಖಾಲಿ ಬಿಡ್ರೀ ಅದನ್ನ," ಎಂದಳು ಯಲ್ಲಕ್ಕ. "ಮನ್ಯಾಗ ನಾ ಇನ್ನೂ ಅದೇನಿ."

ರೂಪಾಲಿ ಖಾಲಿ ಬಿಟ್ಟು ಗುಂಡಿ ಒತ್ತಿದಳು. ಬಂದಾಗಿನಿಂದ ಮೊದಲ ಸಲ ಕಂಪ್ಯೂಟರು ಏನೂ ತಕರಾರು ಮಾಡಲಿಲ್ಲ.