ಚಂದ್ರನ ಮಂಜುಗಡ್ಡೆ ಕರಗಿಸಿದವಳು

ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ!

ಕಂಟ್ರೋಲ್ ರೂಮಿನ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಚಂದ್ರನ ಮೇಲಿರುವ ರೋಬೋಟನ್ನು ಇಲ್ಲಿಂದಲೇ ಓಡಿಸುವವನು ಅವನು, ಅದರ ಡ್ರಿಲ್ ನಡೆಸುವವಳು ಅವಳು. ಎರಡು ವರ್ಷದಿಂದ ಅಕ್ಕಪಕ್ಕದ ಕುರ್ಚಿ... ಈಗ ಅಲ್ಲಿ ಹೊಸದಾಗಿ ಬಂದ ವಿಜ್ಞಾನಿ! ಅವನು ಆಕೆಯತ್ತ ಬಗ್ಗಿ ಏನೋ ಹೇಳಿದ. ಆಕೆ ಕಿಸಕ್ಕನೆ ನಕ್ಕಳು.

"ಬಂದ್ಯಾ? ಇವತ್ತು ಮೇಡಂ ಗುರುತು ಹಾಕಿರೋ ಜಾಗದಲ್ಲೇ ಕೊರೆಯೋಣ. ಮಂಜುಗಡ್ಡೆ ಸಿಕ್ಕೇ ಸಿಗುತ್ತೆ," ಎಂದ ಅವನು.

'ಓಹೋ! ನಾನು ತೋರಿಸಿದ ಜಾಗ ಕಸ, ಮೇಡಂ ಜಾಗ ಚಿನ್ನ!'

ವಿಜ್ಞಾನಿ ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲೇ ನಿಂತಳು; ಅವಳು ಕೂತು ಕೊರೆಯಲು ಶುರು ಮಾಡಿದಳು. ಡ್ರಿಲ್ ನಿಧಾನಕ್ಕೆ ತಿರುಗಬೇಕು. ಇಲ್ಲವಾದರೆ ಬಿಸಿಯಾಗಿ, ಮಂಜುಗಡ್ಡೆ ಆವಿಯಾಗಿ ಹಾರಿಹೋಗುತ್ತದೆ. ತಂಡಕ್ಕೆಲ್ಲ ಇದನ್ನು ಹೇಳಿಕೊಟ್ಟವಳೇ ಅವಳು. ಆದರೆ ಪಕ್ಕದಲ್ಲಿ ಮತ್ತೆ ನಗು ಕೇಳಿತು... ಅವಳ ಬೆರಳು ವೇಗ ಹೆಚ್ಚಿಸಿಬಿಟ್ಟಿತು.

ಮೇಲೆ ಬಂದದ್ದು ಬರೀ ಒಣ ಧೂಳು.

"ಬ್ಯಾಟರಿ ಇರೋದು ಇನ್ನೊಂದೇ ಗುಂಡಿಗೆ. ಈ ಜಾಗ ಬಿಟ್ಟು ಹೊರಡಿ," ಎಂದರು ಮುಖ್ಯಸ್ಥರು.

ವಿಜ್ಞಾನಿಯ ಕಣ್ಣು ತುಂಬಿತು. ಇಲ್ಲಿಗೆ ಬರುವ ಮೊದಲಿನಿಂದಲೂ ಈ ಜಾಗ ಹುಡುಕಲು ಆಕೆ ಪಟ್ಟ ಆರು ವರ್ಷದ ದುಡಿಮೆ ಮಣ್ಣುಪಾಲು! ಗೆದ್ದೆ ಎಂದು ಅವಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಒಂದು ನಿಮಿಷ ಸರ್, ಚಕ್ರ ನೋಡ್ತಿದೀನಿ." ಅವನು ರೋಬೋಟನ್ನು ಕದಲಿಸಲೇ ಇಲ್ಲ.

'ಬಾಯಿಬಿಟ್ಟರೆ ಕೆಲಸ ಹೋಗುತ್ತೆ. ಇವನ ಪಕ್ಕದ ಕುರ್ಚಿಯೂ...'

"ಸರ್, ತಪ್ಪು ನಂದು!" ಅವಳು ಎದ್ದು ನಿಂತಳು. "ಜೋರಾಗಿ ಕೊರೆದೆ. ಮಂಜುಗಡ್ಡೆ ಇದ್ರೂ ಹಾರಿಹೋಗಿರುತ್ತೆ. ಪಕ್ಕದಲ್ಲೇ ಇನ್ನೊಮ್ಮೆ ಕೊರೆಯೋಕೆ ಬಿಡಿ. ಆಮೇಲೆ ಏನು ಶಿಕ್ಷೆ ಬೇಕಾದ್ರೂ ಕೊಡಿ."

ಮುಖ್ಯಸ್ಥರು ಕಣ್ಣು ಕೆಂಪಗೆ ಮಾಡಿದರು. "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ. ಮೊದಲು ಕೊರಿ!"

ಮೂರು ಗಂಟೆ ಅವಳು ಕಣ್ಣು ಮಿಟುಕಿಸದೆ ಕೊರೆದಳು. ಪರದೆಯ ಮೇಲೆ ನೀರಿನ ಪ್ರಮಾಣ ತೋರಿಸುವ ಗೆರೆ ಸರ್ರನೆ ಏರಿತು... ಮಂಜುಗಡ್ಡೆ!

ವಿಜ್ಞಾನಿ ಓಡಿಬಂದು ಅವಳನ್ನೇ ತಬ್ಬಿಕೊಂಡಳು.

"ಕ್ಷಮಿಸಿ ಮೇಡಂ..."

"ಕ್ಷಮಿಸಿದೆ." ಆಕೆ ಅವನತ್ತ ಬೆರಳು ತೋರಿಸಿದಳು. "ಮೊದಲು ಇವರನ್ನ ಕರ್ಕೊಂಡು ಹೋಗಿ! ನಿಮ್ಮ ಹತ್ರ ಹೇಗೆ ಮಾತು ತೆಗೆಯೋದು ಅಂತ ಬೆಳಗ್ಗೆಯಿಂದ ನನ್ನ ತಲೆ ತಿಂದಿದ್ದಾರೆ. ನಕ್ಕು ನಕ್ಕು ಸಾಕಾಯ್ತು."

ಅವಳ ಮುಖ ಕೆಂಪಾಯಿತು. ಅವಳು ಹೊರಗಿನ ಮೆಟ್ಟಿಲಿಗೆ ನಡೆದಳು. ಅವನು ಹಿಂದೆಯೇ ಬಂದ.

"ಡ್ರಿಲ್ ಬಿಸಿಯಾಗಿದ್ದು ನಿಂಗೆ ಗೊತ್ತಾಗಿತ್ತು, ಅಲ್ವಾ?" ಎಂದು ಕೇಳಿದಳು.

"ಹೂಂ. ಅದಕ್ಕೇ ಚಕ್ರದ ನೆಪ ಹೇಳಿ ನಿಲ್ಲಿಸಿದ್ದು. ನೀನೇ ಹೇಳ್ತೀಯ ಅಂತ ನಂಬಿಕೆ ಇತ್ತು."

"ಹೇಳದೆ ಇದ್ದಿದ್ರೆ?"

"ನಾನೇ ಹೇಳ್ತಿದ್ದೆ. ಆಮೇಲೆ ಮನೆಗೆ ಹೋಗಿ ಅಳ್ತಿದ್ದೆ." ಅವನು ಅವಳ ಕೈ ಹಿಡಿದ. "ಇನ್ಮೇಲೆ ಕೋಪ ಬಂದ್ರೆ ನನ್ನ ಮೇಲೆ ತೀರಿಸ್ಕೋ. ಪಾಪ, ಚಂದ್ರ ಏನು ಮಾಡಿದ್ದ?"

"ದಿನಾ ಬಂದ್ರೆ?"

"ದಿನಾ ತೀರಿಸ್ಕೋ. ಅದಕ್ಕೇ ಮದುವೆ ಆಗೋಣ ಅಂತಿರೋದು!"

"ಅಯ್ಯೋ, ಯಾವಾಗ ಅಂದೆ?"

"ಈಗ ಅಂದೆ ಕಣೇ... ಹೂಂ ಅನ್ನು."

"...ಹೂಂ."