ಕಳುವಾಗಬೇಕಿದ್ದ ಬ್ಯಾಟರಿಗಳು

ಡಿಸೆಂಬರ್ ಹನ್ನೆರಡು, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಹುಣಸೂರಿನ ಠಾಣೆಗೆ ಬಂದ ಶಿವಶಂಕರ್, ತಾನು ಮೊಬೈಲ್ ಟವರುಗಳನ್ನು ನೋಡಿಕೊಳ್ಳುವ ಕಂಪನಿಯೊಂದರ ಮೇಲ್ವಿಚಾರಕನೆಂದು ಹೇಳಿಕೊಂಡು, ಟೈಪು ಮಾಡಿಸಿದ ದೂರನ್ನು ಇನ್ಸ್‌ಪೆಕ್ಟರ್ ನಂಜುಂಡಸ್ವಾಮಿಯವರ ಮುಂದಿಟ್ಟ. ಹನಗೋಡಿನಾಚೆ ಕಾಡಂಚಿನ ಟವರಿನಿಂದ ಇಪ್ಪತ್ತನಾಲ್ಕು ಬ್ಯಾಟರಿಗಳು ರಾತ್ರೋರಾತ್ರಿ ಕಳುವಾಗಿದ್ದವು.

"ಕರೆಂಟು ಹೋದರೆ?"

"ಹೋದ ಕೂಡಲೇ ಟವರ್ ನಿಲ್ಲುತ್ತೆ ಸಾರ್. ಅಲ್ಲಿ ಜನರೇಟರ್ ಇಲ್ಲ."

"ಹೋಗೋದು ಯಾವಾಗ?"

"ದಿನಾ ಸಂಜೆ ಆರರ ಹೊತ್ತಿಗೆ. ನಡುನಡುವೆ ಹೋಗೋದು ಬೇರೆ."

ರಾಗಿ ಕೊಯ್ಲಿನ ಕಾಲ. ಹೊತ್ತು ಮುಳುಗುತ್ತಲೇ ಆನೆಗಳು ಕಂದಕ ದಾಟಿ ಹೊಲಗಳಿಗೆ ಇಳಿಯುತ್ತಿದ್ದವು. ಹಿಂಡು ಯಾವ ದಿಕ್ಕಿನಲ್ಲಿದೆಯೆಂದು ಅರಣ್ಯ ಕಾವಲುಗಾರರು ಫೋನಿನಲ್ಲಿ ತಿಳಿಸಿದ ಮೇಲೆಯೇ ಜನ ಹೊರಗೆ ಕಾಲಿಡುತ್ತಿದ್ದುದು. ಆ ಟವರೊಂದು ಮೂಕವಾದರೆ ನಾಲ್ಕು ಊರಿಗೂ ಒಂದು ಗಿರಿಜನ ಹಾಡಿಗೂ ಕಣ್ಣಿಗೆ ಬಟ್ಟೆ ಕಟ್ಟಿದಂತೆಯೇ ಸರಿ.

ಒಂಬತ್ತೂ ಕಾಲಿಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ, ಇಬ್ಬರು ಪಂಚರ ಸಮಕ್ಷಮದಲ್ಲಿ, ಸ್ಥಳ ಪಂಚನಾಮೆ ಆರಂಭವಾಯಿತು. ಗೇಟಿನ ಬೀಗವನ್ನು ಕತ್ತರಿಸಿದ್ದರು. ಬ್ಯಾಟರಿಗಳಿದ್ದ ಕಬ್ಬಿಣದ ಕಪಾಟು ಬರಿದಾಗಿತ್ತು. ಟವರಿನ ತಂತ್ರಜ್ಞ, ಕಟ್ಟೆಮಳಲವಾಡಿಯ ಚೆಲುವರಾಜು, ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನಿದ್ರೆಗೆಟ್ಟ ಕಣ್ಣುಗಳು, ಕೇಳಿದ್ದಕ್ಕಷ್ಟೇ ಉತ್ತರ.

ನಂಜುಂಡಸ್ವಾಮಿಯವರು ಕಪಾಟಿನೊಳಗೆ ಬಗ್ಗಿ ನೋಡಿದರು. ಗುಜರಿ ಕಳ್ಳರು ಕೇಬಲನ್ನೂ ಕತ್ತರಿಸಿ ಒಯ್ಯುವವರು. ಇಲ್ಲಿ ಒಂದೊಂದು ಕೇಬಲನ್ನೂ ಸ್ಪ್ಯಾನರಿನಿಂದ ಬಿಚ್ಚಿ, ತುದಿಗೆ ವ್ಯಾಸಲೀನ್ ಸವರಿ, ಟೇಪು ಸುತ್ತಿ ಇಡಲಾಗಿತ್ತು.

"ಇದನ್ನು ಯಾಕೆ ಸವರುತ್ತಾರೆ?" ಅವರು ಮೇಲ್ವಿಚಾರಕನನ್ನು ಕೇಳಿದರು.

"ತುದಿ ಕಿಲುಬು ಹಿಡಿಯದಿರಲಿ ಅಂತ ಸಾರ್. ಹೊಸ ಬ್ಯಾಟರಿ ಜೋಡಿಸೋವರೆಗೆ."

ಹೊಸದು ಬರುತ್ತದೆಂದು ನಂಬಿದ್ದ ಕಳ್ಳ! ಅವರು ಅದನ್ನು ಪಂಚನಾಮೆಯಲ್ಲಿ ಬರೆಸಿದರು.

ಸಂಜೆ ಐದಕ್ಕೆ ಹೆಡ್ ಕಾನ್‌ಸ್ಟೆಬಲ್ ನಟರಾಜು ಬರಿಗೈಯಲ್ಲಿ ಹಿಂದಿರುಗಿದ.

"ಕೆ.ಆರ್. ನಗರ, ಕೋಟೆ, ಪಿರಿಯಾಪಟ್ಟಣ, ಗುಜರಿ ಅಂಗಡಿ ಒಂದನ್ನೂ ಬುಟ್ಟಿಲ್ಲ ಸಾರ್. ಬ್ಯಾಟ್ರಿ ಸೀಸ ಮಾರಕ್ಕೆ ಯಾರೂ ಬಂದಿಲ್ವಂತೆ. ಒಬ್ಬ ಅಂತೂ ನನ್ನ ಹೊಟ್ಟೆ ನೋಡಿ, ತೂಕಕ್ಕಾಕ್ತೀರಾ ಯಜಮಾನ್ರೇ ಅಂದ."

ನಂಜುಂಡಸ್ವಾಮಿಯವರಿಗೆ ನಗು ಬರಲಿಲ್ಲ. ಐದು ಐವತ್ತೆಂಟಕ್ಕೆ ಕರೆಂಟು ಹೋಯಿತು. ಹನಗೋಡಿನ ಕಡೆಗೆ ಮಾಡಿದ ಯಾವ ಕರೆಯೂ ಸೇರಲಿಲ್ಲ. ಏಳಾನೆಗಳ ಹಿಂಡು ಕಂದಕ ದಾಟಿದೆಯೆಂದು ಅರಣ್ಯದವರ ವೈರ್‌ಲೆಸ್ ಸಂದೇಶ ಠಾಣೆಗೆ ಬಂತು. ತಿಳಿಯಬೇಕಾದವರಿಗೆ ತಿಳಿಸುವ ದಾರಿ ಮಾತ್ರ ಇರಲಿಲ್ಲ. ಜೀಪೊಂದನ್ನು ಅಟ್ಟಿದ್ದಾಯಿತು, ಒಂದು ಜೀಪು ಎಷ್ಟು ಹೊಲ ಸುತ್ತೀತು? ಮನೆಯಲ್ಲಿ ಸಂಧ್ಯಾದೀಪದ ಮುಂದೆ ಕುಳಿತರೆ ಜಪದ ಎಣಿಕೆ ಮೂರು ಬಾರಿ ತಪ್ಪಿತು. ಭಗವಂತಾ, ಬೆಳಗಾಗುವವರೆಗೆ ಕಾಯಿ ಎಂದಷ್ಟೇ ಹೇಳಿ ಎದ್ದರು.

ಹದಿಮೂರರಂದು ಬೆಳಿಗ್ಗೆ ಏಳಕ್ಕೇ ಅವರು ಹಾಡಿಯಲ್ಲಿದ್ದರು. ಜೋಪಡಿಯ ಮುಂದೆ ಒಲೆ ಊದುತ್ತಿದ್ದ ಮುತ್ತಿ ಎದ್ದು ನಿಂತಳು. ಅವಳ ಗಂಡ ಅಪ್ಪಾಜಿ ಹೊಲ ಕಾಯುವ ಕೂಲಿಯವನು. ಜಗುಲಿಯ ಮೇಲೆ ಕುಳಿತಿದ್ದ.

"ಎಲ್ಲರೂ ಕ್ಷೇಮವೇನಮ್ಮ?"

"ನಿನ್ನೆ ಯಾರೂ ಕಾವಲ್ ಅಟ್ಟಣೆ ಅತ್ನಿಲ್ಲ ಸಾರ್. ಟವರ್ ಚೆಲುವಣ್ಣ ಬಂದು ಯೋಳಿದ್ನಲ್ಲ. ಮೂರು ದಿಸ ಪೋನ್ ನಂಬ್ಕಬ್ಯಾಡಿ, ರಾಗಿ ಓದ್ರೆ ಓಗ್ಲಿ, ಒಲದ ಕಡೆ ಮಾತ್ರ ತಲೆ ಆಕ್ಬ್ಯಾಡಿ ಅಂತ, ಮನೆಮನೆಗೂ."

"ನಿನ್ನೆ ಹೇಳಿದನೇ?"

"ನಿನ್ನೇನೂ ಬಂದಿದ್ದ. ಮೊದ್ಲು ಯೋಳಿದ್ದು ಗುರುವಾರ. ಕರೆಂಟು ಇನ್ನೂ ಓಗಿರ್ನಿಲ್ಲ, ನಾನು ಸಾರಿಗೆ ಸೊಪ್ಪು ಸೋಸ್ತಿದ್ದೆ."

"ಸಾಕು ಬುಡಮ್ಮಿ," ಎಂದ ಅಪ್ಪಾಜಿ ಇನ್ಸ್‌ಪೆಕ್ಟರರ ಮುಖವನ್ನೇ ನೋಡುತ್ತ. "ಒಳ್ಳೇ ಮನ್ಸ ಸಾರ್ ಅವ್ನು."

ಗುರುವಾರ ಸಂಜೆ ಬ್ಯಾಟರಿಗಳು ಇನ್ನೂ ಕಪಾಟಿನಲ್ಲಿಯೇ ಇದ್ದವು. ಅವು ಇಲ್ಲವಾಗುವುದು ಆಗ ಗೊತ್ತಿದ್ದವನು ಒಬ್ಬನೇ.

ಒಂಬತ್ತೂವರೆಗೆ ಚೆಲುವರಾಜು ಠಾಣೆಯಲ್ಲಿ ಕುಳಿತಿದ್ದ.

"ಗುರುವಾರ ಹಾಡಿಗೆ ಯಾಕೆ ಹೋಗಿದ್ದೆ?"

ನಂಜುಂಡಸ್ವಾಮಿಯವರು ಪಂಚನಾಮೆಯ ಹಾಳೆಯನ್ನು ಅವನ ಮುಂದಕ್ಕೆ ಸರಿಸಿದರು.

"ಟವರ್ ನಿಲ್ಲುತ್ತೆ ಅಂತ ನಿನಗೆ ಯಾರು ಹೇಳಿದರು?"

"ಯಾರೂ ಯೋಳಿಲ್ಲ ಸಾರ್. ನಾನೇ ಬಿಚ್ಚಿದ್ದು. ಕಂಪಲಾಪುರದಲ್ಲಿ ನಮ್ಮ ಮಾವನ ಹೊಗೆಸೊಪ್ಪು ಒಣಗ್ಸೋ ಬ್ಯಾರನ್ನಲ್ಲಿ ಅವೆ. ಅವರಿಗೇನೂ ಗೊತ್ತಿಲ್ಲ, ಅವರನ್ನ ಎಳೀಬ್ಯಾಡಿ."

"ಮಾರಲಿಲ್ಲ ಯಾಕೆ?"

"ಮಾರಕ್ಕೆ ತಗಂಡಿದ್ರೆ ತಾನೆ? ಸತ್ತ ಬ್ಯಾಟ್ರಿ ಸಾರ್ ಅವು. ಆರು ಗಂಟೆ ಬತ್ತದೆ ಅಂತ ಕಾಗದದಲ್ಲಿ ಅದೆ, ಬರೋದು ಇಪ್ಪತ್ತು ನಿಮಿಷ. ನಮ್ಮ ಕಡೆ ದಿನಕ್ಕೆ ಐದು ಸಲ ಕರೆಂಟು ಓಯ್ತದೆ. ಸೀಸದ ಬ್ಯಾಟ್ರಿ ತುಂಬಕ್ಕೆ ಎಂಟತ್ತು ಗಂಟೆ ಬೇಕು. ಅರೆಹೊಟ್ಟೇಲಿ ದುಡಿದೂ ದುಡಿದೂ ವರ್ಷದಲ್ಲೇ ಸಾಯ್ತದೆ. ಲಿಥಿಯಂ ಆದ್ರೆ ಮೂರು ಗಂಟೇಲಿ ತುಂಬ್ಕತದೆ. ಇಲ್ಲಿಗೆ ಅದೇ ಆಗ್ಬೇಕು ಅಂತ ಹದಿನಾಲ್ಕು ಕಾಗದ ಬರ್ದೆ. ಐದು ವರ್ಷ ತುಂಬಿಲ್ಲ, ಬದಲಾಯ್ಸಲ್ಲ ಅಂದ್ರು. ಕಳುವಾದ್ರೆ ಮಾತ್ರ ಮಾರನೇ ದಿನವೇ ಹೊಸದು ಬತ್ತದೆ. ಈಗ ಹೊಸದಾಗಿ ಕಳ್ಸೋದೆಲ್ಲ ಲಿಥಿಯಂ."

ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ಕಂಪಲಾಪುರದ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಇಪ್ಪತ್ತನಾಲ್ಕೂ ದೊರೆತವು. ಹಲಗೆಯ ಮೇಲೆ ನೆಟ್ಟಗೆ, ಸಾಲಾಗಿ, ಗೋಣಿತಾಟು ಹೊದಿಸಿ ಇಡಲಾಗಿತ್ತು. ಜಪ್ತಿ ಪಂಚನಾಮೆ ಮುಗಿಯುವಷ್ಟರಲ್ಲಿ ಶಿವಶಂಕರ್ ಓಡೋಡಿ ಬಂದ.

"ಬದುಕಿಸಿದಿರಿ ಸಾರ್! ಹೊಸ ಲಿಥಿಯಂ ಹೊತ್ತ ಲಾರಿ ಹನಗೋಡಿಗೆ ಬಂದು ನಿಂತಿದೆ. ವಾಪಸ್ಸು ಕಳಿಸಿಬಿಡ್ತೀನಿ. ಇವನ್ನೇ ಇವತ್ತು ಜೋಡಿಸಿದರಾಯ್ತು."

ಚೆಲುವರಾಜು ತಲೆಯೆತ್ತಿ ಇನ್ಸ್‌ಪೆಕ್ಟರರನ್ನು ನೋಡಿದ. ನಂಜುಂಡಸ್ವಾಮಿಯವರು ಪೆನ್ನಿನ ಟೋಪಿ ಹಾಕಿದರು.

"ಇವು ಈಗ ಮುದ್ದೆಮಾಲು, ಪ್ರಕರಣದ ಸಾಕ್ಷ್ಯ. ನ್ಯಾಯಾಲಯದ ಅಪ್ಪಣೆಯಿಲ್ಲದೆ ಒಂದನ್ನೂ ಕೊಡಲು ನನಗೆ ಅಧಿಕಾರವಿಲ್ಲ. ಅರ್ಜಿ ಹಾಕಿ."

"ಎಷ್ಟು ದಿನ ಆಗುತ್ತೆ?"

"ಅದು ನ್ಯಾಯಾಧೀಶರಿಗೆ ಬಿಟ್ಟದ್ದು. ಅಲ್ಲಿಯವರೆಗೆ ಟವರಿಗೆ ಏನು ಹಾಕುತ್ತೀರೋ ನಿಮ್ಮ ಕಂಪನಿಯನ್ನು ಕೇಳಿ. ಇವತ್ತು ಸಂಜೆಯೊಳಗೆ ಹಾಕಿ."

ಶಿವಶಂಕರ್ ಎರಡು ಫೋನು ಮಾಡಿದ. ಲಾರಿ ಹಿಂದಿರುಗಲಿಲ್ಲ. ಆದರೆ ಜೋಡಿಸುವ ಎಂಜಿನಿಯರ್ ಬೆಂಗಳೂರಿನಿಂದ ಬರುವುದು ಸೋಮವಾರ. ಹಳೆಯದಕ್ಕೆಂದು ಇಟ್ಟ ಚಾರ್ಜಿನ ಅಳತೆ ಹೊಸದಕ್ಕೆ ಒಗ್ಗುವುದಿಲ್ಲ. ಅದನ್ನು ಬದಲಿಸದಿದ್ದರೆ ಬ್ಯಾಟರಿ ತಾನಾಗಿಯೇ ಕೆಲಸ ನಿಲ್ಲಿಸಿಬಿಡುತ್ತದೆ. ಆ ಸುತ್ತಿನಲ್ಲಿ ಅದನ್ನು ಬಲ್ಲವನು ಒಬ್ಬನೇ ಇದ್ದ.

"ಕಳ್ಳನ ಕೈಗೇ ಕೊಡ್ತೀರಾ ಸಾರ್?"

"ಬೇರೆ ಕೈ ಇದ್ದರೆ ತೋರಿಸಿ."

ನಾಲ್ಕು ಮುಕ್ಕಾಲಿಗೆ, ಅದೇ ಪಂಚರ ಕಣ್ಣೆದುರಿಗೆ, ಚೆಲುವರಾಜು ಕೆಲಸಕ್ಕೆ ಕೈಹಾಕಿದ. ಐದು ಇಪ್ಪತ್ತಕ್ಕೆ ನಟರಾಜುವಿನ ಫೋನಿಗೆ ಸಂದೇಶ ಬಂತು: ಹಿಂಡು ಕಂದಕದ ಬಳಿ ಇದೆ. ಅಪ್ಪಾಜಿ ಆ ದಿನ ಮಾತು ಮೀರಿ ಹೊಲಕ್ಕೆ ಹೋಗಿದ್ದಾನೆಂದು ಮುತ್ತಿ ಹಾಡಿಯಿಂದ ಓಡಿ ಬಂದು ಬೇಲಿಯ ಹೊರಗೆ ನಿಂತಿದ್ದಳು. "ಎರಡು ರಾತ್ರಿ ಒಲ ಬುಟ್ಟಿದ್ದಕ್ಕೆ ಒಲದ ಯಜಮಾನ್ರು ಕೂಲಿ ಮುರ್ಕತೀನಿ ಅಂದ್ರಂತೆ ಸಾರ್. ಪೋನ್ ಮಾಡಿದ್ರೆ ಎತ್ತುತಿಲ್ಲ." ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದಳು. ಹೊಸ ಬ್ಯಾಟರಿಯ ನಾಲ್ಕು ಪೆಟ್ಟಿಗೆಗಳಲ್ಲಿ ಮೂರನ್ನು ಕೂಡಿಸಿದ್ದಾಗಿತ್ತು, ಇನ್ನೊಂದು ಉಳಿದಿತ್ತು. ಐದು ಐವತ್ತಾರಕ್ಕೆ ಕರೆಂಟು ಹೋಯಿತು. ಟವರಿನ ಗುಂಯ್‌ಗಾನ ತಟ್ಟನೆ ನಿಂತು, ಮುತ್ತಿಯ ಫೋನಿನ ಸಿಗ್ನಲ್ ಗೀಟುಗಳು ಅಳಿಸಿಹೋದವು.

"ಬೇಗ ಕಣಪ್ಪಾ," ಎಂದ ನಟರಾಜು.

"ತಡೀರಿ. ಅವಸರ ಮಾಡಿದ್ರೆ ಎಲ್ಲಾ ಒಟ್ಟಿಗೇ ಮಲಗ್ತವೆ."

ನಂಜುಂಡಸ್ವಾಮಿಯವರು ಗಡಿಯಾರ ನೋಡಿದರು. ಒಂದು ನಿಮಿಷ. ಎರಡು. ನಾಲ್ಕನೆಯ ನಿಮಿಷದಲ್ಲಿ ಹಸಿರು ದೀಪ ಹತ್ತಿತು. ಟವರು ಪೂರ್ತಿ ಎಚ್ಚರಾಗಲು ಇನ್ನೂ ಐದು ನಿಮಿಷ ಹಿಡಿಯಿತು. ಆಮೇಲೆ ಮುತ್ತಿ ಒಮ್ಮೆಲೇ ಕೂಗಿದಳು: "ಲೇ, ಎಲ್ಲಿದ್ದೀಯಾ? ಕಂದಕದ ತಾವು ಅವೆ ಕಣೋ, ರಸ್ತೆ ಕಡೀಕ್ ಬಾ, ರಸ್ತೆ ಕಡೀಕೆ!"

ಆರೂವರೆಗೆ ಅಪ್ಪಾಜಿ ಏದುಸಿರು ಬಿಡುತ್ತ ಟವರಿನ ಬಳಿಗೆ ಬಂದ ಮೇಲೆಯೇ ಬಂಧನ ಪತ್ರ ಸಿದ್ಧವಾಯಿತು. ಕಾರಣದ ಅಂಕಣದಲ್ಲಿ ಮಾಲೀಕರ ಸೊತ್ತನ್ನು ನೌಕರನು ಕದ್ದದ್ದು ಎಂದು ನಮೂದಾಯಿತು. ಕಾನೂನಿಗೆ ಅಷ್ಟು ಸಾಕು.

ಉಳಿದದ್ದನ್ನು ಚೆಲುವರಾಜು ಜೀಪಿನಲ್ಲಿ ಹೇಳಿದ. ಕಳೆದ ವರ್ಷದ ನವೆಂಬರಿನಲ್ಲೊಂದು ಸಂಜೆ ಕರೆಂಟು ಹೋದ ಇಪ್ಪತ್ತೇ ನಿಮಿಷಕ್ಕೆ ಟವರು ನಿಂತಿತ್ತು. ಅರಣ್ಯ ಕಾವಲುಗಾರ ಹನ್ನೊಂದು ಬಾರಿ ಮಾಡಿದ ಕರೆ ಒಂದೂ ಸೇರದೆ, ಹೊಲದಿಂದ ಬರುತ್ತಿದ್ದ ಚಿಕ್ಕಬಸಮ್ಮ ಎಂಬವಳು ಆನೆಯ ಕಾಲಿಗೆ ಸಿಕ್ಕಿ ಸತ್ತಿದ್ದಳು. ಅದಕ್ಕೆ ಐದು ದಿನ ಮೊದಲು, ಬ್ಯಾಟರಿಗಳು ಸುಸ್ಥಿತಿಯಲ್ಲಿವೆಯೆಂಬ ಮಾಸಿಕ ಹಾಳೆಗೆ ಪರೀಕ್ಷಿಸದೆಯೇ ಸಹಿ ಮಾಡಿದ್ದವನು ಚೆಲುವರಾಜುವೇ. ಎಲ್ಲ ಟವರಿನವರೂ ಹಾಗೆಯೇ ಮಾಡುತ್ತಿದ್ದರು.

ಠಾಣೆಯಲ್ಲಿ ಬಂಧನ ಪತ್ರವನ್ನು ಮುಂದಿಟ್ಟಾಗ ಚೆಲುವರಾಜು ಪೆನ್ನು ಮುಟ್ಟಲಿಲ್ಲ. ಮೊದಲ ಸಾಲಿನಿಂದ ಕೊನೆಯವರೆಗೆ ಎರಡು ಬಾರಿ ಓದಿದ. ಬರೆದದ್ದೆಲ್ಲ ನಿಜವೆಂದು ಖಾತ್ರಿಯಾದ ಮೇಲೆ ಸಹಿ ಹಾಕಿದ.