ನನ್ನ ಹೆಸರಿನಲ್ಲಿ ಪವಿತ್ರಳ ರಕ್ತ

ನಾಗಾರ್ಜುನ ನನ್ನನ್ನು ಮೊದಲ ಸಲ ಮುಟ್ಟಿದ್ದು ಸೂಜಿಯಿಂದ.

ಎಂ.ಎಸ್ಸಿ. ಬಯೋಕೆಮಿಸ್ಟ್ರಿಯ ಮೊದಲ ವಾರ. ರಕ್ತದ ಪ್ರಾಕ್ಟಿಕಲ್ ಇದ್ದರೆ ನಮ್ಮ ರಕ್ತವನ್ನೇ ಕೊಡಬೇಕು, ಪಕ್ಕದವರು ಬೆರಳು ಚುಚ್ಚಬೇಕು. ಅದು ನಮ್ಮ ಲ್ಯಾಬಿನ ಪದ್ಧತಿ. ನನ್ನ ಪಕ್ಕಕ್ಕೆ ಬಿದ್ದವನು ಇವನು. ಉದ್ದ ರೆಪ್ಪೆ, ಇಸ್ತ್ರಿಯನ್ನೇ ಕಾಣದ ಏಪ್ರನ್.

"ಎಷ್ಟೊತ್ತು ರೀ? ಬೇಗ ಚುಚ್ಚಿ," ಎಂದೆ ಕಣ್ಣು ಮುಚ್ಚಿಕೊಂಡು.

"ಮೊದ್ಲು ಕಣ್ಣು ಬಿಡಿ. ನೀವು ಹಿಂಗೆ ಮುಚ್ಕೊಂಡ್ಬುಟ್ರೆ ನಂಗೇ ಭಯ ಆಗುತ್ತೆ ಕಣ್ರೀ."

ಬಿಟ್ಟೆ. ಅವನು ಬೆರಳನ್ನು ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಚುಚ್ಚಿ ಆಗಲೇ ಆಗಿತ್ತಂತೆ, ನನಗೆ ಗೊತ್ತೇ ಆಗಲಿಲ್ಲ.

ದೀಪಾವಳಿಯ ಹೊತ್ತಿಗೆ ನಮ್ಮ ನಡುವೆ 'ರೀ' ಹೋಗಿ 'ಕಣೋ', 'ಕಣೇ' ಬಂದಿದ್ದವು. ಕ್ಯಾಂಟೀನಿನಲ್ಲಿ ನನ್ನ ಚಟ್ನಿ ಮುಗಿಯುವ ಮೊದಲೇ ಅವನ ಚಟ್ನಿಯ ಬಟ್ಟಲು ನನ್ನ ಕಡೆ ಸರಿಯುತ್ತಿತ್ತು. ಇಷ್ಟ ಎಂಬ ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ನನಗೆ ತಾಳ್ಮೆ ಕಡಿಮೆ.

"ಹೇಳೋದಿದ್ರೆ ಹೇಳ್ಬುಡೋ. ಮುಹೂರ್ತ ನೋಡ್ತಿದೀಯಾ?"

ಅವನು ನಗಲಿಲ್ಲ. ಪಿಯುಸಿ ಓದುವ ತಂಗಿ ಸಿಂಚನಳ ವಿಷಯ ಹೇಳಿದ. ಅವಳಿಗೆ ಥಲಸ್ಸೀಮಿಯಾ. ಅವಳ ದೇಹಕ್ಕೆ ಸರಿಯಾದ ಹಿಮೋಗ್ಲೋಬಿನ್ ಕಟ್ಟಲು ಬರುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು.

"ಅಪ್ಪ, ಅಮ್ಮ ಇಬ್ರೂ ಕ್ಯಾರಿಯರ್, ಆ ದೋಷನ ಒಳಗೇ ಹೊತ್ಕೊಂಡಿರೋರು. ನಾನೂ ಕ್ಯಾರಿಯರ್. ನಂಗೇನೂ ಆಗಲ್ಲ. ಆದ್ರೆ ನನ್ನ ಹೆಂಡ್ತಿನೂ ಕ್ಯಾರಿಯರ್ ಆಗಿದ್ರೆ, ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಸಿಂಚನ ಥರದ ಮಗು. ನೀನು ಟೆಸ್ಟ್ ಮಾಡಿಸ್ಕೊ. ಆಮೇಲೆ ಹೇಳ್ತೀನಿ."

"ಜಾತಕ ಕೇಳೋರನ್ನ ನೋಡಿದೀನಿ. ಹಿಮೋಗ್ಲೋಬಿನ್ ಕೇಳೋನು ನೀನೇ ಮೊದಲನೇವ್ನು!"

ಮೂರನೇ ಸೆಮಿಸ್ಟರಿನಲ್ಲಿ ಆ ಟೆಸ್ಟಿನ ಪ್ರಾಕ್ಟಿಕಲ್ ಇದ್ದೇ ಇದೆ, ಅಲ್ಲೇ ನೋಡಿಕೊಳ್ಳೋಣ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ನಾವು ಪ್ರೀತಿಸದೆ ಇದ್ದೆವು ಎಂದಲ್ಲ. ಹೇಳಿಕೊಳ್ಳಲಿಲ್ಲ, ಅಷ್ಟೆ.

ಆ ಪ್ರಾಕ್ಟಿಕಲ್ಲಿಗೆ ಒಂದು ವಾರ ಮೊದಲು ಚಂದ್ರಮತಿ ಮೇಡಂ ಪಾಠ ಮಾಡಿದರು. ಕ್ಯಾರಿಯರ್‌ಗಳ ಕೆಂಪು ರಕ್ತಕಣಗಳು ಚಿಕ್ಕವು. ಸ್ವಲ್ಪ ರಕ್ತಹೀನತೆ ಇರುತ್ತದೆ, ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಏರುವುದಿಲ್ಲ. ಬರೆಯುತ್ತಿದ್ದ ನನ್ನ ಪೆನ್ನು ನಿಂತಿತು. ಹೈಸ್ಕೂಲಿನಿಂದ ಅಮ್ಮ ನನಗೆ ನುಗ್ಗೆಸೊಪ್ಪು, ಖರ್ಜೂರ, ಮಾತ್ರೆ ಎಲ್ಲ ತಿನ್ನಿಸಿ ಸೋತಿದ್ದಳು. ನನ್ನ ಹಿಮೋಗ್ಲೋಬಿನ್ ಹತ್ತರ ಗಡಿ ದಾಟಿದ್ದೇ ಇಲ್ಲ.

ಯಾರಿಗೂ ಹೇಳಲಿಲ್ಲ. ಪ್ರಾಕ್ಟಿಕಲ್ ದಿನ ನಾಗಾರ್ಜುನ ಪಕ್ಕದ ಕೋಣೆಯಲ್ಲಿ ಹಿಮೋಗ್ಲೋಬಿನ್ ಬೇರ್ಪಡಿಸುವ ಜೆಲ್ ಸಿದ್ಧ ಮಾಡುತ್ತಿದ್ದಾಗ ಗೆಳತಿ ಪವಿತ್ರಳ ಬೆರಳು ಚುಚ್ಚಿ ಎರಡು ಟ್ಯೂಬಿಗೆ ರಕ್ತ ತೆಗೆದುಕೊಂಡೆ.

"ಎರಡ್ಯಾಕೇ?" ಎಂದಳು.

"ಒಂದು ಹಾಳಾದ್ರೆ ಇನ್ನೊಂದಿರ್ಲಿ ಅಂತ."

ಒಂದಕ್ಕೆ ಅವಳ ನಂಬರ್ ಬರೆದೆ, ಇನ್ನೊಂದಕ್ಕೆ ನನ್ನದು. ಮೂರು ಸೆಮಿಸ್ಟರ್ ಬಯೋಕೆಮಿಸ್ಟ್ರಿ ಓದಿ ನಾನು ಕಲಿತ ಘನಕಾರ್ಯ ಇದು.

ಕರೆಂಟ್ ಹರಿಸಿ ಬಣ್ಣ ಹಾಕಿದ ಮೇಲೆ ಜೆಲ್ಲಿನ ಮೇಲೆ ಗೆರೆಗಳು ಎದ್ದವು. ಕ್ಯಾರಿಯರ್‌ಗೆ ಎರಡನೇ ಗೆರೆ ದಪ್ಪಗಿರುತ್ತದೆ. ನಾಗಾರ್ಜುನನದು ದಪ್ಪಗಿತ್ತು. ನನ್ನ ನಂಬರಿನಡಿ ಆ ಗೆರೆ ಕೂದಲೆಳೆಯಷ್ಟು ತೆಳ್ಳಗೆ ಬಂತು. ಅವನು ಬಗ್ಗಿ ನೋಡಿದ, ಮತ್ತೆ ನೋಡಿದ. ತಲೆಯೆತ್ತಿದಾಗ ಆ ಉದ್ದ ರೆಪ್ಪೆಗಳು ಒದ್ದೆಯಾಗಿದ್ದವು.

"ಇಷ್ಟ ಕಣೇ ರಕ್ಷಿತಾ. ಸೂಜಿ ಹಿಡ್ಕೊಂಡಿದ್ನಲ್ಲ, ಅವತ್ತಿಂದ್ಲೂ ಇಷ್ಟ," ಎಂದ, ಪವಿತ್ರ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬ ಪರಿವೆಯೂ ಇಲ್ಲದೆ. ನಾನು ಅಷ್ಟು ಸಂತೋಷಪಟ್ಟಿದ್ದೂ, ಅಷ್ಟು ಹೆದರಿದ್ದೂ ಅದೇ ಮೊದಲು.

ಆ ಭಾನುವಾರ ದಟ್ಟಗಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋದ. ಬಾಗಿಲು ತೆಗೆದವಳು ಸಿಂಚನ. ಹದಿನೇಳಾದರೂ ಹನ್ನೆರಡರ ಹುಡುಗಿಯಂತಿದ್ದಳು. ಮುಂಗೈ ತುಂಬ ಮೆಹಂದಿ.

"ಸೂಜಿ ಗುರುತು ಕಾಣ್ಬಾರ್ದು ಅಂತ ಹಾಕ್ಕೋತೀನಿ," ಎಂದು ತಾನೇ ಹೇಳಿದಳು. "ಅಕ್ಕ ಅನ್ಲಾ, ಅತ್ತಿಗೆ ಅನ್ಲಾ? ಟೆಸ್ಟ್ ಸರಿಯಾಗಿ ಬಂತಂತೆ, ಸದ್ಯ! ನನ್ನ ನೋಡಿ ನೋಡಿ ಅಣ್ಣಂಗೆ ಮದುವೆ ಅಂದ್ರೇನೇ ಭಯ ಹತ್ಕೊಂಡ್ಬುಟ್ಟಿತ್ತು."

ಅವಳು ಕೊಟ್ಟ ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ ಸ್ಟಾಪಿಗೆ ಬರುವ ದಾರಿಯಲ್ಲಿ ಹೇಳಿಬಿಟ್ಟೆ.

"ಆ ರಕ್ತ ಪವಿತ್ರಂದು ಕಣೋ. ನಂದು ಹಾಕ್ಲೇ ಇಲ್ಲ."

ಅವನು ನಿಂತ. "ಯಾಕೆ?"

"ನಿನ್ನ ಬಾಯಿಂದ ಆ ಮಾತು ಒಂದ್ಸಲ ಕೇಳ್ಬೇಕಿತ್ತು."

ಅವನು ಬೈಯಲಿಲ್ಲ. ಬೈದಿದ್ದರೆ ನನಗೂ ಜಗಳವಾಡಲು ಬರುತ್ತಿತ್ತು.

ಮರುದಿನ ಇಬ್ಬರೂ ಹೋಗಿ ಹೊರಗಿನ ಲ್ಯಾಬಿನಲ್ಲಿ ನನ್ನ ರಕ್ತ ಕೊಟ್ಟೆವು. ವರದಿ ಬಂತು. ನಾನೂ ಕ್ಯಾರಿಯರ್. ಆ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಕೂತೆವು. ವಾಕಿಂಗ್ ಬಂದವರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು.

"ಹನ್ನೊಂದು ವಾರಕ್ಕೇ ಹೊಟ್ಟೇಲಿರೋ ಮಗೂನ ಟೆಸ್ಟ್ ಮಾಡಬಹುದು," ಎಂದೆ.

"ಮಾಡಿ? ಸಿಂಚನ ಥರ ಇದೆ ಅಂದ್ರೆ ಬೇಡ ಅನ್ನೋದು, ಅಲ್ವಾ? ಬೇರೆಯೋರು ಮಾಡಿಸ್ಲಿ, ತಪ್ಪು ಅನ್ನಲ್ಲ. ಆದ್ರೆ ನಾವು ಆಸ್ಪತ್ರೆಗೆ ಹೊರಟಾಗ ಅವಳು ನಡುಮನೇಲಿ ಕೂತಿರ್ತಾಳೆ ಕಣೇ. ವಾಪಸ್ ಬಂದು ಅವಳ ಮುಖ ಹೆಂಗೆ ನೋಡ್ಲಿ?"

"ಹಂಗಾದ್ರೆ ಮಕ್ಕಳೇ ಬೇಡ. ದತ್ತು ತಗೊಳೋಣ."

ಅವನು ನನ್ನ ಕಡೆ ಪೂರ್ತಿ ತಿರುಗಿ ಕೂತ. "ನಿಜ ಹೇಳು."

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಅವನು ನನ್ನವನಾಗುತ್ತಿದ್ದ. ಮಕ್ಕಳಿಲ್ಲದ ನಲವತ್ತರಲ್ಲಿ ನಾನು ಅವನ ತಂಗಿಯನ್ನು ದ್ವೇಷಿಸುತ್ತಿದ್ದೆನೋ ಏನೋ.

"ನನ್ನ ಹೊಟ್ಟೇಲಿ ಹುಟ್ಟಿದ್ದೇ ಬೇಕು ಕಣೋ," ಎಂದೆ. "ತುಂಬಾ ಆಸೆ."

"ನಂಗೂ," ಎಂದ. ಹೆಬ್ಬೆರಳಿನಿಂದ ನನ್ನ ಕೆನ್ನೆ ಒರೆಸಿದ. "ಈ ಕಣ್ಣೀರಾದ್ರೂ ನಿಂದೇ ತಾನೇ? ಪವಿತ್ರಂದಲ್ಲ ತಾನೇ?"

ಅಳುತ್ತಲೇ ನಕ್ಕೆ. ಅವನೂ ನಕ್ಕ, ಆಮೇಲೆ ನನ್ನ ಭುಜಕ್ಕೆ ಹಣೆ ಒತ್ತಿಕೊಂಡ. ಕತ್ತಲಾಗುವ ಮೊದಲು ಬೇರೆ ಬೇರೆ ಗೇಟಿನಿಂದ ಹೊರಗೆ ಹೋದೆವು.

ಮೂರು ವಾರದ ಮೇಲೆ ಮಧ್ಯಾಹ್ನ ಫೋನ್ ಬಂತು. ಸಿಂಚನ, ಆಸ್ಪತ್ರೆಯ ಹಾಸಿಗೆಯಿಂದ.

"ರಕ್ತ ಏರ್ತಾ ಇದೆ ಅಕ್ಕ, ಎರಡು ಗಂಟೆ ಪುರುಸೊತ್ತು. ಅಣ್ಣ ಏನೂ ಬಾಯಿ ಬಿಡ್ತಿಲ್ಲ. ನೀವ್ಯಾಕೆ ಬರ್ತಿಲ್ಲ?" ಆಮೇಲೆ ದನಿ ಸಣ್ಣಗಾಯಿತು. "ನನ್ನಿಂದಾನಾ?"

ಈ ಸಲ ಸುಳ್ಳನ್ನೇ ಹೇಳಿದೆ.

"ನಿಂಗೂ ಅದಕ್ಕೂ ಏನೇ ಸಂಬಂಧ? ಮನೇಲಿ ಒಂದು ಸಂಬಂಧ ನೋಡಿದಾರೆ. ಹುಡುಗ ಒಳ್ಳೇ ಕೆಲಸದಲ್ಲಿದಾನೆ. ನಂಗೂ ಒಪ್ಪಿಗೆ ಆಯ್ತು."

ಅವಳ ದನಿ ಒಮ್ಮೆಗೇ ಗಡುಸಾಯಿತು.

"ನಮ್ಮಣ್ಣ ಊಟ ಬಿಟ್ಟಿದಾನೆ, ಗೊತ್ತಾ ನಿಮ್ಗೆ?"

"ಸರಿಹೋಗ್ತಾನೆ ಬುಡು."

"ನೀವು ಇಂಥೋರು ಅಂತ ಗೊತ್ತಿರ್ಲಿಲ್ಲ. ಇನ್ಮೇಲೆ ನಮ್ಗೆ ಫೋನ್ ಮಾಡ್ಬೇಡಿ."

ಫೋನ್ ಮಾಡಿದ್ದು ನೀನೇ ಅಲ್ಲವಾ ಎಂದು ನಾನು ಕೇಳಲಿಲ್ಲ.

"ಆಯ್ತು ಕಣಮ್ಮ," ಎಂದೆ.